1500 ವಾಟಿನ ಕಾಯಿಲ್ ಊರಿಗೆ ಹೋದರೆ 918 ವಾಟ್ ಏಕೆ?

ಬೆಂಗಳೂರಿನಲ್ಲಿ ಅರ್ಧ ಗಂಟೆಯೊಳಗೆ ಕಾಯುತ್ತಿದ್ದ ಒಂದು ಬಕೆಟ್ ನೀರು ಊರಿನ ಮನೆಯಲ್ಲಿ ಮುಕ್ಕಾಲು ಗಂಟೆ ಹಿಡಿಯಿತು. ಕಾಯಿಲ್ ಅದೇ, ಬಕೆಟ್ ಅದೇ. ಕಾಯಿಲ್ ಹಾಳಾಗಿದೆ ಎಂದೇ ಅಮ್ಮ ನಂಬಿದ್ದರು. ಹೊಸದು ತರುವ ಮೊದಲು ಎರಡು ಅಳತೆ ತೆಗೆದು ನೋಡೋಣ ಎಂದು ಎಲೆಕ್ಟ್ರಿಷಿಯನ್‌ರನ್ನು ಕರೆದೆ.

ಮೊದಲು ವೋಲ್ಟೇಜ್. ಇದನ್ನು ಕಾಯಿಲ್ ಉರಿಯುತ್ತಿರುವಾಗಲೇ ಅಳೆಯಬೇಕು. ಲೋಡ್ ಬಿದ್ದ ಕೂಡಲೇ ವೋಲ್ಟೇಜ್ ಇಳಿಯುವುದರಿಂದ ಖಾಲಿ ಸಾಕೆಟ್‌ನ ಅಳತೆ ನಂಬುವಂಥದ್ದಲ್ಲ. ನಮ್ಮಲ್ಲಿ ಬಂದದ್ದು 180 ವೋಲ್ಟ್. ಇರಬೇಕಾದದ್ದು 230.

ಅನಂತರ ಕರೆಂಟ್. ಇದನ್ನು ಅಳೆಯುವುದು ತಂತಿಯನ್ನು ಇಕ್ಕಳದಂತೆ ಸುತ್ತಿ ಹಿಡಿಯುವ ಕ್ಲ್ಯಾಂಪ್ ಮೀಟರ್. ಅದರ ಬಾಯೊಳಗೆ ಫೇಸ್ ತಂತಿಯೊಂದೇ ಇರಬೇಕು. ಇಡೀ ವೈರನ್ನು ಒಳಗೆ ಹಾಕಿದರೆ, ಹೋಗುವ ಮತ್ತು ಮರಳುವ ಪ್ರವಾಹಗಳು ಒಂದನ್ನೊಂದು ಅಳಿಸಿ ಮೀಟರ್ ಸೊನ್ನೆ ತೋರಿಸುತ್ತದೆ. ಮೇನ್ ಬೋರ್ಡ್ ಬಿಚ್ಚಿ ಮಾಡುವ ಕೆಲಸವಿದು, ದಯವಿಟ್ಟು ನೀವೇ ಕೈಹಾಕಬೇಡಿ. ನಮಗೆ ಸಿಕ್ಕಿದ್ದು 5.1 ಆಂಪಿಯರ್.

ಇನ್ನು ಲೆಕ್ಕ. ವೋಲ್ಟೇಜನ್ನು ಆಂಪಿಯರ್‌ನಿಂದ ಭಾಗಿಸಿದರೆ ರೋಧ, ಅಂದರೆ ಪ್ರವಾಹಕ್ಕೆ ಕಾಯಿಲ್ ಒಡ್ಡುವ ತಡೆ, ಸಿಗುತ್ತದೆ: 180 ÷ 5.1 = 35.3 ಓಮ್. ಜರ್ಮನಿಯ ಜಾರ್ಜ್ ಸೈಮನ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮವೇ ಇದು. ಅವೆರಡನ್ನೇ ಗುಣಿಸಿದರೆ ಸಾಮರ್ಥ್ಯ: 180 × 5.1 = 918 ವಾಟ್.

ಕಾಯಿಲ್‌ನ ಮೇಲೆ ಅಚ್ಚಾಗಿರುವುದು 1500. ಹಾಗಾದರೆ ಅಮ್ಮನ ಮಾತೇ ಸರಿಯೇ? ಅಲ್ಲ. ಅದೇ 35.3 ಓಮ್‌ಗೆ 230 ವೋಲ್ಟ್ ಕೊಟ್ಟು ನೋಡಿ. 230 ÷ 35.3 = 6.5 ಆಂಪಿಯರ್, 230 × 6.5 ಎಂದರೆ 1495 ವಾಟ್. ಕಾಯಿಲ್ ಸರಿಯಾಗಿಯೇ ಇದೆ. ವೋಲ್ಟೇಜ್ ಕುಗ್ಗಿದಾಗ ಆಂಪಿಯರ್ ಕೂಡ ಕುಗ್ಗುವುದರಿಂದ ಸಾಮರ್ಥ್ಯಕ್ಕೆ ಎರಡು ಪಟ್ಟು ಪೆಟ್ಟು: ವೋಲ್ಟೇಜ್ ಕಡಿಮೆಯಾದದ್ದು ಶೇ 22, ವಾಟ್ ಕಡಿಮೆಯಾದದ್ದು ಶೇ 39. 20 ಲೀಟರ್ ನೀರನ್ನು 20 ಡಿಗ್ರಿಯಿಂದ 50 ಡಿಗ್ರಿಗೆ ಏರಿಸಲು 1500 ವಾಟಿಗೆ 28 ನಿಮಿಷ ಸಾಕು, 918 ವಾಟಿಗೆ 45 ನಿಮಿಷ ದಾಟುತ್ತದೆ. ಅಮ್ಮನ ಮುಕ್ಕಾಲು ಗಂಟೆ ಅದೇ. ಕಾಯಿಲ್‌ನ ಒಳತಂತಿ ನಿಜಕ್ಕೂ ತುಂಡಾಗಿದ್ದರೆ ಆಂಪಿಯರ್ ಸೊನ್ನೆಯಾಗುತ್ತಿತ್ತು, ನೀರು ತಣ್ಣಗೇ ಇರುತ್ತಿತ್ತು.

ಕಾಯಿಲ್, ಇಸ್ತ್ರಿ ಪೆಟ್ಟಿಗೆ, ಗೀಸರ್‌ಗಳಿಗೆ ಈ ಲೆಕ್ಕ ಚೆನ್ನಾಗಿ ಒಪ್ಪುತ್ತದೆ. ಫ್ಯಾನ್, ಪಂಪ್‌ಸೆಟ್‌ಗಳಲ್ಲಿ ಗುಣಾಕಾರದ ಉತ್ತರಕ್ಕಿಂತ ನಿಜವಾದ ವಾಟ್ ಕಡಿಮೆ ಇರುತ್ತದೆ, ಅಲ್ಲಿ ಪವರ್ ಫ್ಯಾಕ್ಟರ್ (ಗುಣಾಕಾರದ ಉತ್ತರದಲ್ಲಿ ನಿಜವಾಗಿ ಬಳಕೆಯಾಗುವ ಪಾಲು) ಕೂಡ ಸೇರಬೇಕು. ಹಳೆಯ ಬುರುಡೆ ಬಲ್ಬಿನ ರೋಧವನ್ನು ಆರಿದ್ದಾಗ ಅಳೆದರೂ ಮೋಸ ಹೋಗುತ್ತೀರಿ. ಉರಿಯುವಾಗಿನ ರೋಧ ಅದರ ಹತ್ತು ಪಟ್ಟಿಗೂ ಹೆಚ್ಚಿರಬಹುದು.

ಅಂದು ನನಗೆ ನಿಜವಾಗಿ ಭಯ ಹುಟ್ಟಿಸಿದ್ದು ಬೇರೆಯದೇ. ಸ್ವಿಚ್ ಆರಿಸಿ ಪ್ಲಗ್ ಕಿತ್ತಾಗ ಅದರ ಪಿನ್ನಿನ ಬುಡ ಕಂದಾಗಿತ್ತು, ಕೈಗೆ ಚುರುಕ್ ಎಂದಿತು. ಸಡಿಲ ಸಾಕೆಟ್‌ನಲ್ಲಿ ಬರೀ ಅರ್ಧ ಓಮ್ ರೋಧವಿದ್ದರೂ 6.5 ಆಂಪಿಯರ್ ಹರಿಯುವಾಗ 6.5 × 6.5 × 0.5, ಅಂದರೆ 21 ವಾಟ್ ಶಾಖ ಅಲ್ಲೇ ಹುಟ್ಟುತ್ತದೆ. ರೇಡಿಯೊ ರಿಪೇರಿಯವರ ಬಳಿ ಇರುವ 25 ವಾಟಿನ ಬೆಸುಗೆ ಕಡ್ಡಿ ಸೀಸ ಕರಗಿಸುವುದು ಹೆಚ್ಚುಕಡಿಮೆ ಅಷ್ಟೇ ಶಾಖದಲ್ಲಿ. ಆ 6 ಆಂಪಿಯರ್ ಸಾಕೆಟ್ ಕಿತ್ತು, 16 ಆಂಪಿಯರಿನದನ್ನು ಅದಕ್ಕೆ ತಕ್ಕ ದಪ್ಪ ತಂತಿಯೊಂದಿಗೆ ಅಂದೇ ಹಾಕಿಸಿದೆವು.