ಮಂಡಿಯ ಎಕ್ಸ್‌ರೇ: ಮಲಗಿಸಿ ಅಲ್ಲ, ನಿಲ್ಲಿಸಿ

ಎಕ್ಸ್‌ರೇ ತಂತ್ರಜ್ಞನಾಗಿ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಮಂಡಿನೋವೆಂದು ಯಾರೇ ಬಂದರೂ ಮೇಜಿನ ಮೇಲೆ ಮಲಗಿಸಿಯೇ ಚಿತ್ರ ತೆಗೆದು ಕಳುಹಿಸುತ್ತಿದ್ದೆ. ಅರವತ್ತು ದಾಟಿದ ತಾಯಿಯೊಬ್ಬರು ಮೂರನೆಯ ಸಲ ಬಂದವರು, "ಮಲಗಿದ್ರೆ ಏನೂ ಇಲ್ಲ ಕಣಪ್ಪ, ಎದ್ದು ನಿಂತ್ರೆ ಜೀವ ಹೋಗುತ್ತೆ" ಎಂದರು. ನಾನು ತೆಗೆದಿದ್ದ ಹಿಂದಿನ ಎರಡೂ ಚಿತ್ರಗಳಲ್ಲಿ ಕೀಲಿನ ಸಂದು ಚೆನ್ನಾಗಿಯೇ ಕಾಣುತ್ತಿತ್ತು. ಅಂದು ಅವರನ್ನು ನಿಲ್ಲಿಸಿ ತೆಗೆದಾಗ, ಒಳಬದಿಯಲ್ಲಿ ತೊಡೆಯ ಮೂಳೆ ಕೆಳಗಿನ ಮೂಳೆಯ ಮೇಲೆ ಕುಳಿತೇಬಿಟ್ಟಿತ್ತು.

ಎಕ್ಸ್‌ರೇಯಲ್ಲಿ ಮೃದ್ವಸ್ಥಿ, ಅಂದರೆ ಮೂಳೆಗಳ ತುದಿಯನ್ನು ಹೊದ್ದಿರುವ ನುಣುಪಾದ ಪದರ, ಕಾಣುವುದಿಲ್ಲ. ಎರಡು ಮೂಳೆಗಳ ನಡುವಿನ ಕಪ್ಪು ಸಂದಿನ ಅಗಲದಿಂದ ಅದು ಎಷ್ಟು ಉಳಿದಿದೆಯೆಂದು ಅಂದಾಜು ಮಾಡುತ್ತೇವೆ. ಮೈಭಾರ ಬೀಳದಿದ್ದಾಗ ಸವೆದ ಕೀಲು ಕೂಡ ಸಡಿಲವಾಗಿ ತೆರೆದುಕೊಂಡು ಆರೋಗ್ಯವಾಗಿರುವಂತೆ ತೋರಬಹುದು. ಸವೆತವನ್ನು 0ಯಿಂದ 4ರವರೆಗೆ ಅಳೆಯುವ, 1957ರಿಂದ ಬಳಕೆಯಲ್ಲಿರುವ ಕೆಲ್‌ಗ್ರೆನ್–ಲಾರೆನ್ಸ್ ಕ್ರಮವೂ ಈ ಸಂದನ್ನು ಲೆಕ್ಕಕ್ಕೆ ಹಿಡಿಯುವುದರಿಂದ, ಚಿತ್ರ ತೆಗೆಯುವವನು ತಪ್ಪಿದರೆ ಓದುವ ವೈದ್ಯರೂ ತಪ್ಪುತ್ತಾರೆ.

ಈಗ ಎರಡೂ ಮಂಡಿಗಳನ್ನು ಒಂದೇ ಚಿತ್ರದಲ್ಲಿ ಹಿಡಿಯುತ್ತೇನೆ. ನೋವಿರುವವರು ತಮಗೇ ಅರಿವಿಲ್ಲದೆ ಭಾರವನ್ನೆಲ್ಲ ಒಳ್ಳೆಯ ಕಾಲಿಗೆ ಹಾಕುತ್ತಾರೆ. ನೋವಿನ ಕಾಲಿನ ಹಿಮ್ಮಡಿ ನೆಲದಿಂದ ತುಸು ಎದ್ದಿರುತ್ತದೆ. ಆದ್ದರಿಂದ ಗುಂಡಿ ಒತ್ತುವ ಮುನ್ನ ನಾನು ನೋಡುವುದು ಮಂಡಿಯನ್ನಲ್ಲ, ಪಾದಗಳನ್ನು. ನೇರ ನಿಂತ ಚಿತ್ರದಲ್ಲೂ ಸಂದು ಸರಿಯಾಗಿದ್ದು ನೋವು ಮಾತ್ರ ಉಳಿದಿದ್ದರೆ, ವೈದ್ಯರನ್ನು ಕೇಳಿ, ಮಂಡಿಯನ್ನು 45 ಡಿಗ್ರಿ ಬಾಗಿಸಿ ನಿಲ್ಲಿಸಿ, ಕಿರಣವನ್ನು ಹಿಂದಿನಿಂದ 10 ಡಿಗ್ರಿ ಕೆಳಮುಖವಾಗಿ ಹಾಯಿಸುತ್ತೇನೆ. ಸವೆತ ಎಷ್ಟೋ ಸಲ ಹಿಂಬದಿಯಲ್ಲಿ ಹೆಚ್ಚಿರುವುದರಿಂದ ಈ ಭಂಗಿಯಲ್ಲಿ ಅದು ಹೊರಬೀಳುತ್ತದೆ.

ಅಸ್ಥಿರಜ್ಜು (ಮೂಳೆಗಳನ್ನು ಬಿಗಿದಿಡುವ ಪಟ್ಟಿ) ಅಥವಾ ಮೆನಿಸ್ಕಸ್ (ಮಂಡಿಯೊಳಗಿನ ಮೆತ್ತೆಯಂಥ ಮೃದ್ವಸ್ಥಿ) ಹರಿದಿರುವ ಶಂಕೆಯಿದ್ದರೆ ಎಂಆರ್‌ಐ ಬೇಕೇ ಬೇಕು. ಆದರೆ ನಡುವಯಸ್ಸು ದಾಟಿದ ಅನೇಕರಲ್ಲಿ ನೋವೇ ಇಲ್ಲದೆ ಮೆನಿಸ್ಕಸ್ ಹರಿದಿರುತ್ತದೆ. ನಿಂತ ಎಕ್ಸ್‌ರೇ ಒಂದನ್ನೂ ತೆಗೆಸದೆ ಸಾವಿರಾರು ರೂಪಾಯಿಯ ಎಂಆರ್‌ಐ ಕವರು ಹಿಡಿದು ಬರುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಬಿದ್ದು ಪೆಟ್ಟಾದವರನ್ನು ಮಾತ್ರ ನಿಲ್ಲಿಸುವುದಿಲ್ಲ. ಅವರನ್ನು ಅಂಗಾತ ಮಲಗಿಸಿ, ಕಿರಣವನ್ನು ನೆಲಕ್ಕೆ ಸಮಾಂತರವಾಗಿ ಪಕ್ಕದಿಂದ ಹಾಯಿಸುತ್ತೇನೆ. ಮಂಡಿಚಿಪ್ಪಿನ ಮೇಲ್ಗಡೆ, ರಕ್ತದ ಮೇಲೆ ಕೊಬ್ಬು ತೇಲಿ ಗೆರೆ ಎಳೆದಂತೆ ಕಂಡರೆ, ಬಿರುಕು ಕಣ್ಣಿಗೆ ಬೀಳದಿದ್ದರೂ ಕೀಲಿನೊಳಗೆ ಮೂಳೆ ಮುರಿದಿದೆಯೆಂದೇ ಎಣಿಸಿ ವೈದ್ಯರಿಗೆ ಕೂಡಲೇ ತಿಳಿಸುತ್ತೇನೆ.