ನೋಟು ಕೈಬಿಡುವ ಮೊದಲೇ ಬಾಯಿ ಬಿಡಿ: ನನ್ನ ಅನುಭವ

"ಎರಡು ರೂಪಾಯಿಗೆ ಯಾಕೆ ಮಾರಾಯ್ರೆ ಜಗಳ?" ಎನ್ನುತ್ತಿದ್ದ ಗೆಳೆಯರೇ ಈಗ ಬಾಕಿ ಚಿಲ್ಲರೆ, ಸರಿಯಾದ ತೂಕ, ಸರಿಯಾದ ಬೆಲೆ ಹೇಗೆ ಕೇಳಬೇಕೆಂದು ನನ್ನ ಹತ್ತಿರ ಬರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಶುರುವಾದದ್ದು ಮಂಗಳೂರಿನ ಸಿಟಿ ಬಸ್ಸಿನಲ್ಲಿ. ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ಹತ್ತಿದರೆ "ಚಿಲ್ಲರೆ ಮತ್ತೆ ಕೊಡ್ತೇನೆ" ಎಂಬ ಮಾತು ನಮಗೆಲ್ಲ ಗೊತ್ತು. ಇಳಿಯುವಾಗ ಕೇಳಿ ನೋಡಿದೆ. ಬಾಗಿಲಲ್ಲಿ ನೂಕುನುಗ್ಗಲು, ಅಷ್ಟರಲ್ಲಿ ವಿಸಿಲ್. ದೊಡ್ಡ ಸ್ವರ ತೆಗೆದೆ. ಇಡೀ ಬಸ್ಸು ಕಂಡಕ್ಟರ್ ಪರ ನಿಂತಿತು. ಮೊಬೈಲಿನಲ್ಲಿ ವಿಡಿಯೋ ಮಾಡಿದಾಗಲಂತೂ ಹೊಡೆದಾಟಕ್ಕೇ ಬಂತು. ಕೊನೆಗೆ ಫಲಿಸಿದ್ದು ಇಷ್ಟೇ: ನೋಟು ನನ್ನ ಬೆರಳಲ್ಲಿ ಇರುವಾಗಲೇ, ತಗ್ಗಿದ ಸ್ವರದಲ್ಲಿ, ತುಳುವಿನಲ್ಲಿ ಲೆಕ್ಕ ಹೇಳುವುದು. ಇಷ್ಟು ಟಿಕೆಟಿಗೆ, ಇಷ್ಟು ವಾಪಸ್, ಟಿಕೆಟ್ ಚೀಟಿಯೂ ಬೇಕು. ಎರಡು ಸ್ಟಾಪ್ ಮೊದಲು ಬಾಕಿ ಮೊತ್ತ ಮಾತ್ರ ಇನ್ನೊಮ್ಮೆ. ಹತ್ತರಲ್ಲಿ ಎಂಟು ಸಲ ಬರುತ್ತದೆ.

ದುಡ್ಡು ಜಾಸ್ತಿ ಉಳಿಯುವುದು ಸ್ವೀಟ್ ಅಂಗಡಿಯಲ್ಲಿ. ಕೆಲವು ಕಡೆ ಡಬ್ಬಿಯನ್ನೂ ಸೇರಿಸಿ ತೂಗುತ್ತಾರೆ. ಅರ್ಧ ಕಿಲೋ ಡಬ್ಬಿಯೇ ಐವತ್ತು ಗ್ರಾಂ ಬರುತ್ತದೆ. ಕಿಲೋಗೆ ಒಂಬೈನೂರರ ಗೋಡಂಬಿ ಬರ್ಫಿಯಾದರೆ ರಟ್ಟಿಗೇ ನಲವತ್ತೈದು ರೂಪಾಯಿ! ತೂಗಿದ ಮೇಲೆ ಕೇಳಿದರೆ ಮುಖ ಕೆಡುತ್ತದೆ. ಡಬ್ಬಿ ಕೈಗೆತ್ತಿಕೊಂಡಾಗಲೇ "ಖಾಲಿ ಡಬ್ಬಿ ಇಟ್ಟು ಸೊನ್ನೆ ಮಾಡಿ" ಎಂದರೆ ಸುಮ್ನೆ ಮಾಡುತ್ತಾರೆ. ಒಂದು ವರ್ಷದಲ್ಲಿ ಎಲ್ಲ ಸೇರಿ ಎರಡು ಸಾವಿರದ ಹತ್ತಿರ ಉಳಿದಿರಬೇಕು. ಅದಕ್ಕಿಂತ ದೊಡ್ಡದು, ನನ್ನ ಹಿಂದೆ ನಿಂತವರೂ ಕೇಳತೊಡಗಿದ್ದು.

ನೀರಿನ ಬಾಟಲಿಗೆ 'ಕೂಲಿಂಗ್ ಚಾರ್ಜ್' ಕೇಳುವ ಅಂಗಡಿಯಲ್ಲಿ ಬಾಟಲಿ ತಿರುಗಿಸಿ ಎಂಆರ್‌ಪಿ ತೋರಿಸುತ್ತೇನೆ. ಒಪ್ಪದಿದ್ದರೆ 1915, ಗ್ರಾಹಕ ಸಹಾಯವಾಣಿ. ಆದರೆ ಕೂತು ತಿನ್ನುವ ಹೋಟೆಲಿನಲ್ಲಿ ಈ ವಾದ ಬೇಡ. ಹೋಟೆಲಿನವರು ಬಾಟಲಿ ನೀರಿಗೆ ಎಂಆರ್‌ಪಿಗಿಂತ ಜಾಸ್ತಿ ತೆಗೆದುಕೊಳ್ಳಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ತುಂಬ ಜನ ಸೋಲುವುದು ಇಲ್ಲೇ.

ನಡುವೆ, ಅಂಗಡಿಯವರು ನಡೆಯುವುದಿಲ್ಲವೆಂದು ಬೇಡವೆನ್ನುವ 10 ರೂಪಾಯಿ ನಾಣ್ಯದ ಪ್ರಯೋಗವೂ ಆಯಿತು. ಎಲ್ಲ 14 ವಿನ್ಯಾಸಗಳೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ 2018ರಲ್ಲಿ ಹೇಳಿದ್ದನ್ನು ಪ್ರಿಂಟ್ ತೆಗೆದು ತೋರಿಸಿದೆ. ಯಾರೂ ಓದಲಿಲ್ಲ. ಆಮೇಲೆ "ನಿಮ್ಮಲ್ಲಿ ಬಿದ್ದಿರುವ ನಾಣ್ಯ ನನಗೆ ಕೊಡಿ, ನಾನು ತೆಗೆದುಕೊಳ್ಳುತ್ತೇನೆ" ಎನ್ನತೊಡಗಿದೆ. ಕೆಲವು ವಾರಗಳಲ್ಲಿ ನಮ್ಮ ಬೀದಿಯ ಮೂರು ಅಂಗಡಿಯವರು ನನ್ನಿಂದಲೂ ತೆಗೆದುಕೊಂಡರು!

"ಬೇಕಾದರೆ ಬೇರೆ ಕಡೆ ಹೋಗಿ" ಎಂದವರಿಗೆ ನಾನು ಹೇಳುವ ಒಂದು ತುಳು ಮಾತು ಉಂಟು. ಅದನ್ನು ಬರೆಯುವುದಿಲ್ಲ, ಅಂಗಡಿಯವರೂ ಓದುತ್ತಾರೆ ಅಲ್ವಾ? ಮಳೆಗಾಲದ ರಾತ್ರಿ ರೈಲ್ವೆ ಸ್ಟೇಷನ್ನಿನ ರಿಕ್ಷಾದಲ್ಲಿ ಮಾತ್ರ ನನ್ನ ಯಾವ ಕ್ರಮವೂ ನಡೆದಿಲ್ಲ. ಅಲ್ಲಿ ಮೀಟರ್ ಹಾಕಿಸಿದವರು ಇದ್ದರೆ ಹೇಗೆಂದು ತಿಳಿಸಿ.