ಕಾಲಿನ ಹೆಬ್ಬೆರಳಿನ ಕೀಲನ್ನು ಕಾಯ್ದುಕೊಂಡ ಬಗೆ: ನನ್ನ ಅನುಭವ

ಪಾದಕ್ಕೆ ಸಂಧಿವಾತ (ಕೀಲು ಸವೆಯುವ ಬಗೆಯದು) ಬರಬಾರದೆಂದರೆ ಓಟವನ್ನೇ ಬಿಡಬೇಕೆಂದು ನನಗೆ ಹೇಳಿದವರಲ್ಲಿ ಜೊತೆಗೆ ಓಡುವವರೂ ಇದ್ದರು, ಒಬ್ಬಿಬ್ಬರು ತಜ್ಞರೂ ಇದ್ದರು. ನಾನು ಬಿಡಲಿಲ್ಲ. ಬಲಗಾಲಿನ ಹೆಬ್ಬೆರಳ ಬುಡದ ಕೀಲು ಬಿಗಿಯಾಗತೊಡಗಿ ಸುಮಾರು ಆರು ವರ್ಷಗಳಾಗಿರಬಹುದು. ಈಚೆಗೆ ತೆಗೆಸಿದ ಎಕ್ಸ್-ರೇಯನ್ನು ಆಗಿನದರ ಪಕ್ಕದಲ್ಲಿಟ್ಟು ನೋಡಿದರೆ ಆ ಕೀಲಿನ ಎಲುಬುಗಳ ನಡುವಿನ ಅಂತರ ಕಿರಿದಾಗಿಲ್ಲ, ಎಂದರೆ ನಡುವಿನ ಮೃದ್ವಸ್ಥಿ ಸವೆದಂತೆ ಕಾಣುವುದಿಲ್ಲ. ಎರಡನ್ನೂ ನಿಂತುಕೊಂಡು, ಪಾದದ ಮೇಲೆ ಪೂರ್ತಿ ಭಾರ ಬಿಟ್ಟು ತೆಗೆಸಿದ್ದೇನೆ; ಮಲಗಿ ತೆಗೆಸಿದ ಚಿತ್ರದಲ್ಲಿ ಅಂತರ ಇದ್ದುದಕ್ಕಿಂತ ಹೆಚ್ಚಾಗಿ ಕಾಣಬಹುದಾದ್ದರಿಂದ ಹೋಲಿಕೆಗೆ ಅದನ್ನು ನಂಬುವಂತಿಲ್ಲ.

ಮೊದಲ ಎರಡು ವರ್ಷಗಳಲ್ಲಿ ನನ್ನ ಹಣವೆಲ್ಲ ಹೋದದ್ದು ಮೆತ್ತನೆಯ ಬೂಟುಗಳಿಗೆ. ಅಟ್ಟೆ ಎಷ್ಟು ದಪ್ಪವೋ ಕೀಲಿಗೆ ಅಷ್ಟು ರಕ್ಷಣೆ ಎಂಬ ಮಾತು ಎಲ್ಲೆಡೆ ಕೇಳಿಬರುತ್ತಿತ್ತು. ಆದರೆ ನಾನು ಕೊಂಡ ಬೂಟುಗಳ ಅಟ್ಟೆ ಮುಂಭಾಗದಲ್ಲಿ ಸಲೀಸಾಗಿ ಮಡಚಿಕೊಳ್ಳುತ್ತಿದ್ದುದರಿಂದ ಹೆಬ್ಬೆರಳು ಪ್ರತಿ ಹೆಜ್ಜೆಯಲ್ಲೂ ತನ್ನ ಮಿತಿಯ ಕೊನೆಯವರೆಗೆ ಬಾಗಲೇಬೇಕಾಗಿತ್ತು, ಸಂಜೆಯ ಹೊತ್ತಿಗೆ ಕೀಲಿನ ಮೇಲ್ಭಾಗ ಬೆಚ್ಚಗಾಗಿ ಊದಿಕೊಳ್ಳುತ್ತಿತ್ತು. ಆಮೇಲೆ ಪಾದದ ಅಚ್ಚು ತೆಗೆಸಿ ಇನ್‌ಸೋಲ್ (ಬೂಟಿನೊಳಗೆ ಅಂಗಾಲಿನ ಕೆಳಗಿಡುವ ಹಾಸು) ಮಾಡಿಸಿದೆ. ಒಂದು ಜೊತೆ ಒಳ್ಳೆಯ ಬೂಟಿಗಿಂತ ಅದಕ್ಕೇ ಹೆಚ್ಚು ತೆತ್ತೆನೆಂದು ನೆನಪು. ಅದರ ಒಳಕಮಾನು ಹೆಬ್ಬೆರಳ ಹಿಂದಿನ ಉದ್ದ ಎಲುಬನ್ನು ಮೇಲಕ್ಕೆತ್ತಿ ಹಿಡಿಯುತ್ತಿತ್ತು. ಆ ಎಲುಬು ಕೆಳಗಿಳಿಯದೆ ಬೆರಳು ಮೇಲಕ್ಕೆ ಬಾಗುವುದು ಕಷ್ಟ, ಹೀಗಾಗಿ ಬಿಗಿತ ಇನ್ನಷ್ಟು ಹೆಚ್ಚಿತು. ಕೀಲುಗಳಿಗೆ ಒಳ್ಳೆಯದೆಂದು ಮಾರುವ ಗ್ಲೂಕೋಸಮೈನ್ ಗುಳಿಗೆಗಳನ್ನು ಹಲವು ತಿಂಗಳು ನುಂಗಿದರೂ ನನ್ನ ಕೀಲಿನಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ.

ದಾರಿ ಸಿಕ್ಕಿದ್ದು ಮೀನಖಂಡದಲ್ಲಿ. ಗೋಡೆಯೆದುರು ನಿಂತು, ಹಿಮ್ಮಡಿ ಎತ್ತದೆ ಮೊಣಕಾಲನ್ನು ಗೋಡೆಗೆ ತಾಗಿಸಿ, ಕಾಲಿನ ಗಿಣ್ಣು ಎಷ್ಟು ಮುಂದಕ್ಕೆ ಬಾಗುತ್ತದೆಂದು ನೋಡುವ ಒಂದು ಪರೀಕ್ಷೆಯಿದೆ. ಎಡಗಾಲಿನಲ್ಲಿ ಹೆಬ್ಬೆರಳಿಗೂ ಗೋಡೆಗೂ ನಡುವೆ ಹತ್ತು ಸೆಂಟಿಮೀಟರಿನಷ್ಟು ಜಾಗ ಬಿಡಬಹುದಾಗಿದ್ದರೆ ಬಲಗಾಲಿನಲ್ಲಿ ಐದೂ ಸಾಧ್ಯವಿರಲಿಲ್ಲ. ಆ ಕಾಲಿನ ಗಿಣ್ಣು ಹಿಂದೆ ಎರಡು ಮೂರು ಸಲ ಉಳುಕಿತ್ತು. ಗಿಣ್ಣು ಮುಂದಕ್ಕೆ ಬಾಗದಿದ್ದರೆ ಹಿಮ್ಮಡಿ ಬೇಗ ಮೇಲೇಳುತ್ತದೆ, ದೇಹದ ಭಾರ ಹೊತ್ತಿಗೆ ಮೊದಲೇ ಪಾದದ ಮುಂಭಾಗಕ್ಕೆ ಬೀಳುತ್ತದೆ. ನಾನು ದಿನಕ್ಕೆ ಎರಡು ಹೊತ್ತು, ಮೊಣಕಾಲು ನೇರವಿಟ್ಟು ಒಮ್ಮೆ, ಬಾಗಿಸಿ ಒಮ್ಮೆ ಮೀನಖಂಡವನ್ನು ಎಳೆದು ಹಿಡಿದೆ. ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಇಳಿಸುವುದನ್ನು ಮಾತ್ರ ತಪ್ಪಿಸಲೇ ಇಲ್ಲ. ನಾಲ್ಕೈದು ತಿಂಗಳಲ್ಲಿ ಗೋಡೆಗೆ ಬಿಡಬಹುದಾದ ಜಾಗ ಎಂಟು ಸೆಂಟಿಮೀಟರಾಯಿತು. ಇದಕ್ಕೆ ಖರ್ಚು ಏನೂ ಇಲ್ಲ ಎಂಬುದನ್ನು, ಅಷ್ಟೆಲ್ಲ ಸುರಿದ ಮೇಲೆ, ಒತ್ತಿ ಹೇಳಲೇಬೇಕು.

ಗಿಣ್ಣಿನ ಕೀಲಿಗೆ ಬರುವ ಸಂಧಿವಾತದ ಬಹುಪಾಲು ಹಳೆಯ ಪೆಟ್ಟಿನಿಂದಲೇ ಶುರುವಾಗುತ್ತದೆ. ಮಂಡಿ, ಸೊಂಟದ ಕೀಲುಗಳ ಕಥೆ ಹಾಗಿಲ್ಲ. ಆದುದರಿಂದ ಉಳುಕಿದ ಗಿಣ್ಣು ಮತ್ತೆ ಉಳುಕದಂತೆ ಕಣ್ಣು ಮುಚ್ಚಿ ಒಂಟಿಕಾಲಿನಲ್ಲಿ ನಿಲ್ಲುವ ಅಭ್ಯಾಸವನ್ನೂ ಸೇರಿಸಿಕೊಂಡೆ.

ಬೂಟಿನ ವಿಷಯದಲ್ಲಿ ಮೆತ್ತನೆಯದನ್ನು ಬಿಟ್ಟು, ಮುಂಭಾಗ ಮಡಚದ, ತೊಟ್ಟಿಲ ಕಾಲಿನಂತೆ ಬಾಗಿ ಮುಂದಕ್ಕೆ ಉರುಳುವ ಅಟ್ಟೆಯನ್ನು ಆರಿಸಿಕೊಂಡೆ. ಅದು ಇಲ್ಲದ ಹಳೆಯ ಬೂಟಿಗೆ ಇನ್‌ಸೋಲಿನ ಕೆಳಗೆ ತೆಳುವಾದ ಕಾರ್ಬನ್ ಫೈಬರ್ ತಗಡನ್ನು ಇಟ್ಟೆ. ಪಾದದುದ್ದದ ತಗಡು ಇಟ್ಟಾಗ ಹಿಮ್ಮಡಿ ಜಾರಿ ಬೊಬ್ಬೆ ಬಂದವು. ಹೆಬ್ಬೆರಳ ಭಾಗಕ್ಕೆ ಮಾತ್ರ ಉದ್ದ ಬಿಟ್ಟು ಉಳಿದ ಬೆರಳುಗಳ ಕೆಳಗೆ ಕತ್ತರಿಸಿದ ಮೇಲೆ ಸರಿಹೋಯಿತು. ಎಲ್ಲಿ, ಯಾವ ಕೋನದಲ್ಲಿ ಕತ್ತರಿಸಿದೆನೆಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ಬಹಳ ತಗಡು ಕಳೆದುಕೊಂಡು ಕಲಿತದ್ದು, ನನ್ನ ಬಳಿಯೇ ಇರಲಿ. ಕೀಲಿನ ಉಬ್ಬಿನ ನೇರಕ್ಕೆ ಬರುವ ಲೇಸಿನ ರಂಧ್ರವನ್ನು ಬಿಟ್ಟು ಕಟ್ಟಿದರೆ ಮೇಲಿನ ಒತ್ತಡ ಅಂದೇ ಕಡಿಮೆಯಾಗುತ್ತದೆ, ಅದನ್ನು ಯಾರು ಬೇಕಾದರೂ ಮಾಡಿ ನೋಡಬಹುದು.

ನಡುವೆ ಒಂದು ಬೇಸಿಗೆಯಲ್ಲಿ ತೀರಾ ತೆಳು ಅಟ್ಟೆಯ ಬೂಟಿನಲ್ಲಿ ಓಡುವ ಪ್ರಯೋಗವನ್ನೂ ನಡೆಸಿದೆ. ಅಂಗಾಲಿನ ಸಣ್ಣ ಸ್ನಾಯುಗಳು ಗಟ್ಟಿಯಾದುದು ನಿಜ, ಆದರೆ ಹೆಬ್ಬೆರಳು ಒಪ್ಪಲಿಲ್ಲ. ಈಗ ಅದನ್ನು ಮನೆಯೊಳಗೆ ನಡೆಯಲು ಮಾತ್ರ ಬಳಸುತ್ತೇನೆ.

ಓಟದ ಪ್ರಮಾಣವನ್ನು ಮಾರನೆಯ ಬೆಳಗಿನ ಬಿಗಿತ ನೋಡಿ ತೀರ್ಮಾನಿಸುತ್ತೇನೆ. ಕೀಲಿನ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಭಾರ ಬಿದ್ದು ಬಿಡುವಾಗ ಕೀಲಿನ ದ್ರವದಿಂದಲೇ ಅದು ಪೋಷಣೆ ಪಡೆಯುತ್ತದೆ, ಆದ್ದರಿಂದ ಪೂರ್ತಿ ವಿಶ್ರಾಂತಿಯನ್ನು ನಾನು ಒಪ್ಪುವುದಿಲ್ಲ. ಹತ್ತು ನಿಮಿಷದಲ್ಲಿ ಬಿಗಿತ ಬಿಟ್ಟರೆ ಅಷ್ಟೇ ದೂರ, ಅರ್ಧ ಗಂಟೆಯಾದರೂ ಬಿಡದಿದ್ದರೆ ಆ ದಿನ ಸೈಕಲ್. ಎರಡೂ ಪಾದಗಳ ಸಣ್ಣ ಕೀಲುಗಳು ಒಟ್ಟಿಗೆ ಊದಿ ಗಂಟೆಗಟ್ಟಲೆ ಬಿಗಿಯಾಗಿಯೇ ಇದ್ದರೆ, ಅಥವಾ ಹೆಬ್ಬೆರಳು ಒಂದೇ ರಾತ್ರಿಯಲ್ಲಿ ಕೆಂಪಾಗಿ ಮುಟ್ಟಲಾರದಷ್ಟು ನೋಯತೊಡಗಿದರೆ, ಅದು ರುಮಟಾಯ್ಡ್ (ದೇಹದ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆರಗುವ ಸಂಧಿವಾತ) ಅಥವಾ ಗೌಟ್ (ಯೂರಿಕ್ ಆಮ್ಲದ ಹರಳುಗಳು ಕೀಲಿನಲ್ಲಿ ಕೂರುವ ಸಂಧಿವಾತ) ಇರಬಹುದು. ಆಗ ಈ ಬರಹವನ್ನು ಬದಿಗಿಟ್ಟು ವೈದ್ಯರಲ್ಲಿಗೆ ಹೋಗಬೇಕು.

ಈಗ ವಾರಕ್ಕೆ ಮೂವತ್ತು ಕಿಲೋಮೀಟರಿನಷ್ಟು ಓಡುತ್ತಿದ್ದೇನೆ. ಹೆಬ್ಬೆರಳು ಐವತ್ತು ಡಿಗ್ರಿಯ ಆಸುಪಾಸಿನಲ್ಲಿ ಬಾಗುತ್ತದೆ. ಶುರುವಿನಲ್ಲಿ ಮೂವತ್ತೈದು ಇದ್ದಿರಬೇಕು. ಓಟ ಬಿಡೆಂದಿದ್ದ ಗೆಳೆಯರಲ್ಲಿ ಇಬ್ಬರು ತಮ್ಮ ಬೂಟಿಗೂ ತಗಡು ಕತ್ತರಿಸಿಕೊಡಲು ಕೇಳಿದ್ದಾರೆ.